ಸ್ಕೀ ಬೂಟಿಗೊಂದು ಹಾರ್ನ್: ಹಾಕೋಕೆ ಸೈ, ಬಿಚ್ಚೋಕೆ ಅರೆಬರೆ

ಕಳೆದ ಜನವರಿಯ ಒಂದು ಭಾನುವಾರ ಬಲಗಾಲಿಗೆ ಉಣ್ಣೆ ಚಪ್ಪಲಿ, ಎಡಗಾಲಿಗೆ ಸ್ಕೀ ಬೂಟು ಹಾಕಿಕೊಂಡು, ಕೊಲರಾಡೋದ ಲವ್‌ಲ್ಯಾಂಡ್ ಎಂಬ ಸ್ಕೀ ಬೆಟ್ಟದಿಂದ ಡೆನ್ವರ್ ಪಕ್ಕದ ಅರೋರಾದ ನಮ್ಮ ಮನೆಯವರೆಗೆ ಕಾರಿನಲ್ಲಿ ಬಂದೆ. ಹರಕೆ ಅಲ್ಲ. ಎಡಗಾಲಿನ ಬೂಟು ಬರಲೇ ಇಲ್ಲ. ಪಾರ್ಕಿಂಗ್ ಜಾಗದಲ್ಲಿ ಕಾರಿನ ಹಿಂಬಾಗಿಲಿಗೆ ಒರಗಿ ಕೂತು ಇಪ್ಪತ್ತು ನಿಮಿಷ ಹೆಣಗಾಡಿದೆ. ಆಮೇಲೆ ಇವರು ಬೂಟಿನ ಹಿಮ್ಮಡಿ ಹಿಡಿದು ಎಳೆದರು. ಬೂಟಿನ ಜೊತೆ ನಾನೂ ಹಿಮದ ಮೇಲೆ ಸರ್ರನೆ ಜಾರಿಕೊಂಡು ಪಕ್ಕದ ಕಾರಿನವರೆಗೆ ಹೋದೆ. ಚಿಕ್ಕಂದಿನಲ್ಲಿ ತೀರ್ಥಹಳ್ಳಿಯ ತೋಟದಲ್ಲಿ ಅಣ್ಣ ನನ್ನನ್ನು ಅಡಿಕೆ ಹಾಳೆಯ ಮೇಲೆ ಕೂರಿಸಿ ಎಳೆಯುತ್ತಿದ್ದ. ಅದೇ ಆಟ, ಹಾಳೆ ಮಾತ್ರ ಇರಲಿಲ್ಲ. ಮಗಳು ಎರಡು ಕಾರು ಆಚೆ ನಿಂತು, ಈ ಇಬ್ಬರು ಯಾರೋ ತನಗೆ ಗೊತ್ತೇ ಇಲ್ಲ ಎನ್ನುವ ಹಾಗೆ ಫೋನು ನೋಡುತ್ತಿದ್ದಳು.

ಭಾನುವಾರ ಸಂಜೆಯ ಐ-70 ಹೆದ್ದಾರಿ ಗೊತ್ತಿದ್ದವರಿಗೆ ಗೊತ್ತು. ಬೆಟ್ಟದಿಂದ ಡೆನ್ವರಿಗೆ ಇಳಿಯುವ ಅಷ್ಟೂ ಜನ ಐಡಾಹೋ ಸ್ಪ್ರಿಂಗ್ಸಿನಿಂದ ಫ್ಲಾಯ್ಡ್ ಹಿಲ್‌ವರೆಗೆ ಒಬ್ಬರ ಹಿಂದೊಬ್ಬರು ಇರುವೆ ಸಾಲಿನಂತೆ ನಿಂತಿರುತ್ತಾರೆ. ಎರಡೂವರೆ ಗಂಟೆ. ಬಕಲ್‌ಗಳೆಲ್ಲ ಬಿಚ್ಚಿಕೊಂಡು ಟಪಟಪ ಎನ್ನುವ ಬೂಟು ಕಾಲಲ್ಲೇ ಇತ್ತು. ಮನೆಗೆ ಬಂದು ಅಡುಗೆಮನೆಯಲ್ಲಿ ಬಿಸಿಗಾಳಿ ಬರುವ ಕಿಂಡಿಯ ಮುಂದೆ ಕಾಲು ನೀಡಿಕೊಂಡು ಕೂತೆ, ಸ್ವಲ್ಪ ಹೊತ್ತಿಗೆ ಅದು ಏನೂ ಆಗಿಯೇ ಇಲ್ಲವೇನೋ ಎನ್ನುವಂತೆ ಕಳಚಿಕೊಂಡಿತು. ಅಂದೇ ರಾತ್ರಿ ಸ್ಕೀ ಬೂಟಿನ ಹಾರ್ನ್ ತರಿಸಿದ್ದು. ಕಾರಿನ ಹಾರ್ನ್ ಅಲ್ಲ, ಹಿಮ್ಮಡಿಯ ಹಿಂದೆ ಇಟ್ಟು ಕಾಲನ್ನು ಬೂಟಿನೊಳಗೆ ಜಾರಿಸುವ ಪಟ್ಟಿ. 19 ಡಾಲರು. ಜನವರಿಯಿಂದ ಏಪ್ರಿಲ್ ಕೊನೆಯವರೆಗೆ ಹದಿನಾಲ್ಕು ದಿನ ಬಳಸಿದ್ದೇನೆ, ಹಾಗಾಗಿ ಬರೆಯುವ ಹಕ್ಕಿದೆ ಅಂದುಕೊಳ್ಳುತ್ತೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಇಂಥದ್ದನ್ನು ಮಾಡುವವರು ಬೇರೆ ಬೇರೆಯವರಿದ್ದಾರೆ, ಕೆಲಸ ಮಾಡುವ ರೀತಿ ಒಂದೇ, ಸೋಲುವ ರೀತಿಯೂ ಒಂದೇ.

ಸ್ಕೀ ಬೂಟು ಕೈಯಲ್ಲಿ ಹಿಡಿದು ನೋಡದವರಿಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಒಂದು ಬೂಟು ಬಿಚ್ಚೋಕೆ ಇಷ್ಟು ಗಲಾಟೆಯಾ ಅನ್ನಿಸುತ್ತದೆ. ಅದು ಬೂಟಿಗಿಂತ ಹೆಚ್ಚಾಗಿ ಡಬ್ಬಿ. ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಶೆಲ್, ಒಳಗೆ ಮೆತ್ತನೆಯ ಲೈನರ್. ಶೆಲ್ಲಿನಲ್ಲಿ ಪಾದಕ್ಕೆ ಒಂದು ಭಾಗ, ಕಣಕಾಲಿಗೆ ಇನ್ನೊಂದು ಭಾಗ, ಎರಡನ್ನೂ ಕಾಲಿನ ಗಂಟಿನ ಹತ್ತಿರ ರಿವೆಟ್ ಹಾಕಿ ಜೋಡಿಸಿರುತ್ತಾರೆ. ಪಾದದ ಮೇಲೆ ಶೆಲ್ಲಿನ ಎರಡು ಅಂಚು ಒಂದರ ಮೇಲೊಂದು ಮಡಚಿ ಕೂರುತ್ತವೆ, ಮೇಲೆ ನಾಲ್ಕು ಬಕಲ್, ತುದಿಗೆ ಅಗಲದ ವೆಲ್ಕ್ರೋ ಪಟ್ಟಿ. ಇಷ್ಟು ಬಿಗಿ ಯಾಕೆ ಅಂದರೆ, ಸ್ಕೀ, ಅಂದರೆ ಹಿಮದ ಮೇಲೆ ಜಾರಲು ಬೂಟಿನಡಿ ಸಿಕ್ಕಿಸಿಕೊಳ್ಳುವ ಉದ್ದನೆಯ ಹಲಗೆ, ತಿರುಗುವುದೇ ಕಣಕಾಲು ಬೂಟನ್ನು ಒತ್ತಿದಾಗ. ಒಳಗೆ ಕಾಲು ಅಲ್ಲಾಡಿದರೆ ಸ್ಟೀರಿಂಗ್ ಸಡಿಲವಾದ ಲಾರಿ ಓಡಿಸಿದ ಹಾಗೆ. ಬಿದ್ದಾಗ ಸ್ಕೀಯಿಂದ ಬೂಟು ಕಳಚಿಕೊಳ್ಳಲು ಬೈಂಡಿಂಗ್ ಎಂಬ ಕೊಂಡಿ ಇದೆ. ಬೂಟಿನಿಂದ ಕಾಲು ಕಳಚಿಕೊಳ್ಳಲು ಯಾವ ಏರ್ಪಾಡೂ ಇಲ್ಲ. ಅದು ನಿಮ್ಮ ಹಣೆಬರಹ.

ಸಮಸ್ಯೆಯೆಲ್ಲ ಇರುವುದು ಬೂಟಿನ ಕುತ್ತಿಗೆಯಲ್ಲಿ. ಮೇಲಿನಿಂದ ಇಳಿದ ಕಾಲು ಅಲ್ಲಿ ಮುಂದಕ್ಕೆ ತಿರುಗಬೇಕು. ಒಂದು ದಾರ ತೆಗೆದುಕೊಂಡು ಹಿಮ್ಮಡಿಯಿಂದ ಪಾದದ ಮೇಲಿನ ಉಬ್ಬಿನವರೆಗೆ ಸುತ್ತಿ ಅಳೆದು ನೋಡಿ. ಪಾದದಲ್ಲಿ ಅತಿ ದಪ್ಪದ ಸುತ್ತು ಅದೇ. ಆ ದಪ್ಪ ಸುತ್ತು ಬೂಟಿನ ಅತಿ ಕಿರಿದಾದ ಜಾಗದಿಂದ ಹಾದುಹೋಗಬೇಕು. ಒಳಗೆ ಹೋದ ಮೇಲೆ ಎಲ್ಲವೂ ಸಲೀಸು, ಅಷ್ಟರಲ್ಲಿ ಜೀವ ಬಾಯಿಗೆ ಬಂದಿರುತ್ತದೆ.

ಇದರ ಮೇಲೆ ಚಳಿ. ಹೆಚ್ಚಿನ ಬೂಟುಗಳ ಶೆಲ್ ಪಾಲಿಯುರಿಥೇನಿನದು. ಅದು ಬೆಚ್ಚಗಿದ್ದಾಗ ಕೈಯಲ್ಲಿ ಬಿಡಿಸಿದರೆ ಬಿಚ್ಚಿಕೊಳ್ಳುತ್ತದೆ, ಚಳಿಗೆ ಕೊಬ್ಬರಿ ಎಣ್ಣೆಯ ಹಾಗೆ ಬಿಗಿದುಕೊಳ್ಳುತ್ತದೆ. ಲವ್‌ಲ್ಯಾಂಡಿನ ಬುಡವೇ 10,800 ಅಡಿ ಎತ್ತರದಲ್ಲಿದೆ, ಹೆದ್ದಾರಿಯ ಐಸೆನ್‌ಹೋವರ್ ಸುರಂಗ ಆ ಬೆಟ್ಟದ ಕೆಳಗೇ ಹಾದುಹೋಗುತ್ತದೆ. ಬೆಳಗ್ಗೆ ಎಂಟಕ್ಕೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೇಲಿನಿಂದ ಬೀಸುವ ಗಾಳಿಯ ಸುದ್ದಿ ಬೇರೆ. ನಾವು ಅಲ್ಲಿಗೇ ಹೋಗುವುದು ಯಾಕೆ ಅಂದರೆ ಟಿಕೆಟ್ ದೊಡ್ಡ ರೆಸಾರ್ಟುಗಳಿಗಿಂತ ಅಗ್ಗ, ಕಾರು ನಿಲ್ಲಿಸಿದ ಜಾಗದಿಂದ ಲಿಫ್ಟಿಗೆ ನಡೆದೇ ಹೋಗಬಹುದು, ಮತ್ತು ಮನೆಯಿಂದ ತಂದ ಬುತ್ತಿ ಬಿಚ್ಚಿ ಲಾಡ್ಜಿನಲ್ಲಿ ಚಿತ್ರಾನ್ನ ತಿಂದರೆ ಯಾರೂ ಏನೂ ಅನ್ನುವುದಿಲ್ಲ.

ಈಗ ನನ್ನ ಕಾಲಿನ ಪುರಾಣ, ಇದು ವಿಮರ್ಶೆಗೆ ಬೇಕು. ನನಗೆ 51 ವರ್ಷ. ಪಾದದ ಉಬ್ಬು ಎತ್ತರ, ಅಪ್ಪನ ಕಡೆಯ ಆಸ್ತಿ. ಇಪ್ಪತ್ಮೂರನೇ ವಯಸ್ಸಿನಲ್ಲಿ ಶ್ರಾವಣದ ಮಳೆಗೆ ಪಾಚಿ ಕಟ್ಟಿದ ಅಂಗಳದಲ್ಲಿ, ಸೊಂಟದ ಮೇಲೆ ಕೊಡಪಾನ ಇಟ್ಟುಕೊಂಡೇ ಜಾರಿಬಿದ್ದೆ. ಎಡಗಾಲಿನ ಗಂಟು ಮುರಿಯಿತು, ಶಿವಮೊಗ್ಗದಲ್ಲಿ ಸ್ಕ್ರೂ ಹಾಕಿದರು. ನಡೆಯೋಕೆ, ಹತ್ತೋಕೆ, ಸ್ಕೀ ಮಾಡೋಕೂ ತೊಂದರೆಯಿಲ್ಲ. ಆದರೆ ಎಡಗಾಲಿನ ಬೆರಳು ಪೂರ್ತಿ ಕೆಳಗೆ ಚಾಚಲು ಬರುವುದಿಲ್ಲ. ಬೂಟಿನೊಳಗೆ ಕಾಲು ಹೋಗುವಾಗ, ಬರುವಾಗ ಬೇಕಾಗುವುದು ನಿಖರವಾಗಿ ಅದೇ ಚಲನೆ, ಬ್ಯಾಲೆ ನೃತ್ಯದವರ ಹಾಗೆ ಪಾದದ ತುದಿ ಚಾಚುವುದು. ಹೀಗಾಗಿ ನನ್ನ ಬಲಗಾಲು ಜಾಣ ಮಗ, ಎಡಗಾಲು ಹಟಮಾರಿ. ಎರಡಕ್ಕೂ ಬೇರೆ ಬೇರೆ ಅಂಕ ಕೊಡುತ್ತೇನೆ.

ಬೂಟು 24.5 ಅಳತೆಯದು, ಫ್ಲೆಕ್ಸ್ (ಶೆಲ್ ಎಷ್ಟು ಗಟ್ಟಿ ಎನ್ನುವ ಅಂಕ) 90, ಅಗಲ 100 ಮಿ.ಮೀ. ಈ 24.5 ಅಂದರೆ ಪಾದದ ಉದ್ದ, ಸೆಂಟಿಮೀಟರಿನಲ್ಲಿ. ನಮ್ಮ ಬಾಟಾ ಅಂಗಡಿಯ ಲೆಕ್ಕಕ್ಕೂ ಇದಕ್ಕೂ ಸಂಬಂಧವಿಲ್ಲ. 24ಕ್ಕೂ 24.5ಕ್ಕೂ ಶೆಲ್ ಸಾಮಾನ್ಯವಾಗಿ ಒಂದೇ ಇರುತ್ತದೆ. ಅರ್ಧ ಸೈಜು ದೊಡ್ಡದು ತಗೊಂಡರೆ ಹಾಕೋಕೆ ಸುಲಭ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಹಾರ್ನ್ ಹೇಗಿದೆ? ಪೊಟ್ಟಣ ಬಿಚ್ಚಿದಾಗ ನಗು ಬಂತು, ಯಾಕೆಂದರೆ ಅದು ಥೇಟ್ ಅಡಿಕೆ ಹಾಳೆಯ ತುಂಡು. ನನ್ನ ಮೊಣಕೈಯಿಂದ ಮಣಿಕಟ್ಟಿನಷ್ಟು ಉದ್ದ, ಅಂಗೈಗಿಂತ ಸ್ವಲ್ಪ ಕಿರಿದು, ದೋಣಿಯ ಹಾಗೆ ಒಳಬಾಗಿದ ತೆಳು ಪ್ಲಾಸ್ಟಿಕ್. ಚಪ್ಪಲಿ ಅಂಗಡಿಯ ಶೂ ಹಾರ್ನಿನ ಹಾಗೆ ಗಟ್ಟಿಯಲ್ಲ, ಬಾಗಿಸಿದರೆ ಬಾಗುತ್ತದೆ, ಬಿಟ್ಟರೆ ಮತ್ತೆ ನೇರ. ತುದಿ ತೆಳುವಾಗಿ ನುಣುಪಾಗಿದೆ. ಮೇಲ್ಗಡೆ ಕೈಗವಸು ಹಾಕಿದ ಕೈಯಲ್ಲೂ ಹಿಡಿಯುವಷ್ಟು ದೊಡ್ಡ ತೂತು. ಕಿತ್ತಳೆ ಬಣ್ಣ. ಬಿಳಿ ಹಿಮದಲ್ಲಿ ಬಿದ್ದರೆ ಕಾಣಲಿ ಅಂತ, ಇದು ಜಾಣತನ, ಯಾರು ಯೋಚಿಸಿದರೋ ಅವರಿಗೆ ಒಂದು ಲೋಟ ಕಾಫಿ.

ಅದರ ಜೊತೆ ಬಂದ ಚೀಟಿಯಲ್ಲಿ ಮೂರು ಚಿತ್ರ ಇವೆ: ಬೂಟಿನ ಹಿಂಬದಿಗೆ ಹಾರ್ನ್ ಇಳಿಸಿ, ಕಾಲು ತೂರಿಸಿ, ಹಾರ್ನ್ ಎಳೆಯಿರಿ. ಚಿತ್ರದಲ್ಲಿರುವ ಮನುಷ್ಯನಿಗೆ ಮೂರು ಕೈ ಇರಬೇಕು. ಯಾಕೆಂದರೆ ಬೂಟಿನ ನಾಲಿಗೆಯನ್ನು ಮುಂದಕ್ಕೆ ಎಳೆದು ಹಿಡಿಯೋಕೆ ಒಂದು ಕೈ, ಶೆಲ್ಲಿನ ಅಂಚನ್ನು ಪಕ್ಕಕ್ಕೆ ಅಗಲಿಸೋಕೆ ಒಂದು ಕೈ, ಹಾರ್ನಿಗೆ ಇನ್ನೊಂದು. ಮೊದಲ ದಿನ ನಾನು ಹಾರ್ನ್ ಹಿಡಿದೆ, ನಾಲಿಗೆ ಒಳಕ್ಕೆ ಮಡಚಿಕೊಂಡಿತು. ನಾಲಿಗೆ ಹಿಡಿದೆ, ಹಾರ್ನ್ ಒಳಗೆ ಬಿತ್ತು. ಹಾಗೂ ಹೀಗೂ ಕಾಲು ಒಳಗೆ ಹೋದ ಮೇಲೆ ಹಾರ್ನ್ ಹಿಮ್ಮಡಿಯಡಿ ಸಿಕ್ಕಿಕೊಂಡಿತು, ಅದನ್ನು ತೆಗೆಯೋಕೆ ಮತ್ತೆ ಕಾಲು ಹೊರಗೆ. ಇವರು ಬಾಯಿಬಿಟ್ಟು ಏನೂ ಹೇಳಲಿಲ್ಲ, 19 ಡಾಲರ್ ಎಂಬ ಪದ ಮಾತ್ರ ಅವರ ಮುಖದ ಮೇಲೆ ಬರೆದಿತ್ತು.

ಮೂರನೇ ಸಲಕ್ಕೆ ಉಪಾಯ ಹೊಳೆಯಿತು. ಹಾರ್ನನ್ನು ಕೈಯಲ್ಲಿ ಹಿಡಿಯಲೇಬಾರದು. ನಿಂತುಕೊಂಡು, ಬೂಟಿನ ಹಿಂಬದಿಯಲ್ಲಿ ಲೈನರಿಗೆ ತಾಗಿಸಿ ಹಾರ್ನ್ ಇಳಿಸಿ. ಕಾಲಿನ ಬೆರಳು ಒಳಗೆ ಬಿಟ್ಟು, ಮೀನಖಂಡದಿಂದ ಹಾರ್ನಿನ ಮೇಲ್ತುದಿಯನ್ನು ಹಿಂದಕ್ಕೆ ಒತ್ತಿ ಹಿಡಿಯಿರಿ. ಅದು ಅಲ್ಲೇ ನಿಲ್ಲುತ್ತದೆ, ಎರಡು ಕೈಯೂ ಬಿಡುವಾದವು. ಒಂದು ಕೈಯಲ್ಲಿ ನಾಲಿಗೆಯನ್ನು ಮುಂದಕ್ಕೂ ಹೊರಬದಿಗೂ ಎಳೆಯಿರಿ, ಇನ್ನೊಂದರಲ್ಲಿ ಶೆಲ್ಲಿನ ಅಂಚು ಅಗಲಿಸಿ, ಮೈಭಾರ ಬಿಡಿ. ಹಿಮ್ಮಡಿ ಹಾರ್ನಿನ ಮೇಲೆ ಜಾರುತ್ತಾ ಹೋಗಿ ಠಕ್ ಎಂದು ಕೂರುತ್ತದೆ. ಆ ಶಬ್ದ ಕೇಳಿಸಿದ ತಕ್ಷಣ, ಭಾರ ಪೂರ್ತಿ ಹಾಕುವ ಮೊದಲು, ಹಾರ್ನ್ ಮೇಲಕ್ಕೆಳೆಯಿರಿ. ತಡಮಾಡಿದರೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ, ಮೇಲಿನ ಬಕಲ್ ಮೊದಲು, ಪಾದದ್ದು ಆಮೇಲೆ. ಈ ಇಷ್ಟು ಸಾಲನ್ನು ಆ ಚೀಟಿಯಲ್ಲಿ ಹಾಕಿದ್ದರೆ ನನಗೆ ಎರಡು ಶನಿವಾರ ಉಳಿಯುತ್ತಿದ್ದವು.

ಇದು ಕೆಲಸ ಮಾಡುವುದಕ್ಕೆ ಕಾರಣ ಸರಳ. ಲೈನರಿನ ಒಳಬಟ್ಟೆಯೂ ಉಣ್ಣೆಯ ಸಾಕ್ಸೂ ಒಂದಕ್ಕೊಂದು ತಿಕ್ಕಿ ಹಿಡಿದುಕೊಳ್ಳುತ್ತವೆ. ನಡುವೆ ನುಣುಪು ಪ್ಲಾಸ್ಟಿಕ್ ಬಂದರೆ ಆ ತಿಕ್ಕಾಟ ಹೋಗುತ್ತದೆ. ಇನ್ನೊಂದು ಸಂಗತಿ ನಾನು ಬಳಸಿ ಕಂಡುಕೊಂಡದ್ದು: ತಿಕ್ಕಾಟ ಇದ್ದಾಗ ಲೈನರಿನ ಹಿಂಬದಿ ಹಿಮ್ಮಡಿಯ ಜೊತೆ ಕುಸಿದು ಮಡಿಕೆ ಬೀಳುತ್ತಿತ್ತು. ದಿನವಿಡೀ ಅದು ಹಿಮ್ಮಡಿಗೆ ಒತ್ತಿ ಗುಳ್ಳೆ ಏಳುತ್ತಿತ್ತು. ಬೂಟೇ ಸರಿಯಿಲ್ಲ ಅಂತ ಎರಡು ವರ್ಷ ಬೂಟನ್ನು ಬೈದೆ. ಹಾರ್ನ್ ಬಂದ ಮೇಲೆ ಗುಳ್ಳೆ ಇಲ್ಲ. 19 ಡಾಲರಿಗೆ ಇದೊಂದೇ ಸಾಕಿತ್ತು.

ಅಂಕ: ಹಾಕುವಾಗ ಬಲಗಾಲಿಗೆ ಹತ್ತಕ್ಕೆ ಒಂಬತ್ತು. ಎಡಗಾಲಿಗೆ ಏಳು. ಬೂಟು ಬೆಚ್ಚಗಿದ್ದರೆ ಮಾತ್ರ. ರಾತ್ರಿಯಿಡೀ ಕಾರಿನ ಡಿಕ್ಕಿಯಲ್ಲಿ ಬಿಟ್ಟ ಬೂಟಿಗೆ ಈ ಹಾರ್ನ್ ಏನೂ ಮಾಡಲಾರದು. ಫೆಬ್ರವರಿಯಲ್ಲಿ ಒಂದು ದಿನ ಹಾಗೆ ಬಿಟ್ಟು ನೋಡಿದೆ, ಬೇಕಂತಲೇ. ಶೆಲ್ಲಿನ ಅಂಚು ಅಗಲಿಸಲು ಇಬ್ಬರು ಬೇಕಾದರು, ಹಾರ್ನ್ ಬಾಗಿ ಅದರ ನಡುವೆ ಬಿಳಿಯ ಗೆರೆ ಮೂಡಿತು. ಮುರಿಯಲಿಲ್ಲ, ಆದರೆ ಆ ಗೆರೆ ಈಗಲೂ ಇದೆ, ನೋಡಿದಾಗೆಲ್ಲ ಇಲ್ಲೇ ಒಂದು ದಿನ ಪಟ್ಟನೆ ಹೋಗುತ್ತದೆ ಅನ್ನಿಸುತ್ತದೆ. ಈಗ ನಮ್ಮ ಕಾರಿನಲ್ಲಿ ನಿಯಮ ಇದೆ: ಬೆಳಗ್ಗೆ ಐದೂಮುಕ್ಕಾಲಿಗೆ ಮನೆ ಬಿಡುವಾಗ ನನ್ನ ಬೂಟು ಮುಂದಿನ ಸೀಟಿನ ಕಾಲ ಬಳಿ, ಹೀಟರಿನ ಗಾಳಿ ನೇರ ಬೂಟಿನ ಬಾಯಿಗೆ. ನನ್ನ ಕಾಲು ಡ್ಯಾಶ್‌ಬೋರ್ಡಿನ ಕೆಳಗೆ ಎಲ್ಲಿ ಜಾಗ ಸಿಕ್ಕರೆ ಅಲ್ಲಿ. ಇದಕ್ಕೆಂದೇ ಬಿಸಿಯಾಗುವ ಬ್ಯಾಗುಗಳೂ ಬರುತ್ತವೆ, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವಂಥವು. ಅವುಗಳ ಬೆಲೆ ನೋಡಿ ನನ್ನ ಕಾಲೇ ಬೆಚ್ಚಗಾಯಿತು.

ಈಗ ಅಸಲು ವಿಷಯ, ಬಿಚ್ಚುವುದು. ಹಾರ್ನ್ ತರಿಸಿದ್ದೇ ಇದಕ್ಕಾಗಿ.

ಬೆಳಗ್ಗೆಗೂ ಸಂಜೆಗೂ ಬೂಟು ಒಂದೇ, ಕಾಲು ಬೇರೆ. ಆರು ಗಂಟೆಯ ಹೊತ್ತು ಒಳಗಿದ್ದು ಊದಿಕೊಂಡಿರುತ್ತದೆ. ಲೈನರ್ ಬೆವರಿಗೆ ಒದ್ದೆ. ಶೆಲ್ ದಿನವಿಡೀ ಹಿಮದಲ್ಲಿ ನಿಂತು ಕಲ್ಲು. ಬರುವಾಗ ಹಿಮ್ಮಡಿ ಮೇಲೆದ್ದು ಕುತ್ತಿಗೆಗೆ ಬರುತ್ತದೆ, ಅದೇ ಹೊತ್ತಿಗೆ ಪಾದದ ಉಬ್ಬು ಮುಂದಿನ ಅಂಚಿಗೆ ಬಂದು ಮುಟ್ಟುತ್ತದೆ. ಅಲ್ಲಿ ಬಾಗಿಲಲ್ಲಿ ಸಿಕ್ಕಿದ ಮಂಚದ ಗತಿ. ಬೆರಳು ಚಾಚಿ ಮಂಚವನ್ನು ಓರೆ ಮಾಡಬೇಕು, ನನ್ನ ಎಡಗಾಲಿಗೆ ಅದು ಬರುವುದಿಲ್ಲ.

ಹಾರ್ನನ್ನು ಈಗ ಮೇಲಿನಿಂದ, ಮೀನಖಂಡದ ಹಿಂದಿನಿಂದ ಹಿಮ್ಮಡಿಯವರೆಗೆ ತೂರಿಸಬೇಕು. ಹಿಮ್ಮಡಿ ಕೂತ ಜಾಗದಲ್ಲಿ ಬೂಟು ಕಾಲನ್ನು ಕಚ್ಚಿ ಹಿಡಿದಿರುತ್ತದೆ. ಚೆನ್ನಾಗಿ ಕೂರುವ ಬೂಟಾದಷ್ಟೂ ಜಾಗ ಕಡಿಮೆ. ಹಾರ್ನ್ ಹಿಮ್ಮಡಿಯ ಮೇಲಿನ ತಗ್ಗಿನವರೆಗೆ ಹೋಗಿ ನಿಲ್ಲುತ್ತದೆ. ಒಣಗಿದ ಲೈನರಾದರೆ ತಿರುಚಿ ತಿರುಚಿ ಇನ್ನೊಂದಿಷ್ಟು ಇಳಿಸಬಹುದು. ಒದ್ದೆಯಾಗಿದ್ದರೆ ಹಾರ್ನ್ ಲೈನರನ್ನೇ ಕೆಳಗೆ ತಳ್ಳುತ್ತದೆ. ಇಳಿದಷ್ಟು ಇಳಿದ ಮೇಲೆ ಹಿಮ್ಮಡಿ ಎತ್ತಿದರೆ ಬಲಗಾಲು ಸರ್ರನೆ ಬರುತ್ತದೆ. ಎಡಗಾಲಿನ ಹಿಮ್ಮಡಿ ಎದ್ದೇಳುತ್ತದೆ, ಕುತ್ತಿಗೆಗೆ ಬರುತ್ತದೆ, ನಿಲ್ಲುತ್ತದೆ. ಹಾರ್ನ್ ಹಿಂಬದಿಯ ತಿಕ್ಕಾಟ ತೆಗೆಯಬಲ್ಲದು, ಮುಂಬದಿಯ ಇಕ್ಕಟ್ಟನ್ನಲ್ಲ. ಎರಡು ಸಲ ಕಾಲಿನ ಜೊತೆ ಲೈನರೂ ಕಿತ್ತುಕೊಂಡು ಬಂತು. ಕಾಲಿಗೆ ಲೈನರ್ ಹಾಕಿಕೊಂಡು ಆನೆಕಾಲಿನ ರೋಗಿಯ ಹಾಗೆ ಕಾರಿನ ಸುತ್ತ ಓಡಾಡಿದೆ. ಅದನ್ನು ಮತ್ತೆ ಶೆಲ್ಲಿಗೆ ಸೇರಿಸುವುದು ಕೂಡ ಒಂದು ಸಂಜೆಯ ಕೆಲಸ. ಬಿಚ್ಚುವಾಗ ಬಲಗಾಲಿಗೆ ಆರು, ಎಡಗಾಲಿಗೆ ಮೂರು. ಧಾರಾಳವಾಗಿ.

ಇಷ್ಟರಲ್ಲಿ ಅಮ್ಮ ಬಂದರು. ಮಾರ್ಚಿನಲ್ಲಿ, ಆರು ತಿಂಗಳ ವೀಸಾದಲ್ಲಿ, ಒಂದು ಸೂಟ್‌ಕೇಸಿನ ತುಂಬ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ತುಂಬಿಕೊಂಡು. 74 ವರ್ಷ. ಹಿಮ ನೋಡಬೇಕು ಅಂದರು, ಒಂದು ಶನಿವಾರ ಕರೆದುಕೊಂಡು ಹೋದೆವು. ಶಾಲಿನ ಮೇಲೆ ಜಾಕೆಟ್, ಜಾಕೆಟ್ಟಿನ ಮೇಲೆ ಇನ್ನೊಂದು ಶಾಲು. ಲಾಡ್ಜಿನಲ್ಲಿ ಕಿಟಕಿ ಪಕ್ಕ ಕೂತು, ನಾನು ಎಡಗಾಲಿನ ಜೊತೆ ಕುಸ್ತಿ ಮಾಡುವುದನ್ನು ಸುಮಾರು ಹೊತ್ತು ಸುಮ್ಮನೆ ನೋಡಿದರು. ಅವತ್ತು ಬೆಳಗ್ಗೆ ಹಾರ್ನ್ ಕೂಡ ಕೈಕೊಟ್ಟಿತ್ತು, ಸಾಕ್ಸು ಒದ್ದೆಯಾಗಿತ್ತು.

"ಎಂತದೇ ಅದು, ಬಳೆ ಇಡ್ಸೋ ಹಾಗೆ ಇಡ್ಸಬೇಕಪ್ಪ" ಅಂದರು. "ಹಾಲಿನ ಕವರ್ ಇಲ್ವಾ?"

"ಇಲ್ಲೆಲ್ಲ ಹಾಲು ಕ್ಯಾನಲ್ಲಿ ಬರೋದು ಅಮ್ಮಾ."

"ಅಯ್ಯ, ಯಾವುದೋ ಒಂದು ಕವರ್ ಕೊಡೇ ಮಾರಾಯ್ತಿ."

ನಮ್ಮ ಕಡೆ ಗೊತ್ತಲ್ಲ, ಕೈಗಿಂತ ಬಳೆ ಸಣ್ಣದಾದರೆ ನಂದಿನಿ ಹಾಲಿನ ಖಾಲಿ ಕವರನ್ನು ಕೈಗೆ ಹಾಕಿಕೊಂಡು, ಅದರ ಮೇಲೆ ಬಳೆ ಏರಿಸಿ, ಆಮೇಲೆ ಕವರನ್ನು ಎಳೆದು ತೆಗೆಯುತ್ತಾರೆ. ಬಳೆಗಾರನ ಸೋಪಿನ ನೀರಿಗಿಂತ ಇದೇ ವಾಸಿ, ಬಳೆಯೂ ಒಡೆಯುವುದಿಲ್ಲ, ಗೆಣ್ಣೂ ನೋಯುವುದಿಲ್ಲ. ಚಪಾತಿ ಕಟ್ಟಿ ತಂದಿದ್ದ ಬ್ರೆಡ್ಡಿನ ಕವರ್ ಕೊಟ್ಟೆ. ಅಮ್ಮ ಅದರ ತಳವನ್ನು ಹಲ್ಲಿನಿಂದ ಕಚ್ಚಿ ಹರಿದರು. "ತಳ ಇದ್ರೆ ಆಮೇಲೆ ಎಳೆಯೂದು ಹೆಂಗೆ?" ನನ್ನ ಪಾದದ ಮೇಲೆ ತೋಳಿನ ಹಾಗೆ ಅದನ್ನು ಏರಿಸಿ, ಹಿಮ್ಮಡಿಯೂ ಉಬ್ಬೂ ಎರಡೂ ಮುಚ್ಚುವಂತೆ ಮಾಡಿ, "ಹ್ಞಾಂ, ಈಗ ಇಳಿ" ಅಂದರು. ಎಡಗಾಲು ಇಳಿಯಿತು. ಒಂದೇ ಸಲಕ್ಕೆ. ಕವರನ್ನು ಕಣಕಾಲಿನ ಕಡೆಯಿಂದ ಎಳೆದು ತೆಗೆದೆವು, ಅರ್ಧ ಹರಿದು ಬಂತು, ಉಳಿದರ್ಧ ಬೆರಳು ಹಾಕಿ ತೆಗೆದೆ. ಎದುರಿಗೆ ಕೂತಿದ್ದ ಬಿಳಿ ಗಡ್ಡದ ಅಜ್ಜ ಒಬ್ಬರು ನೋಡಿ ಹೆಬ್ಬೆರಳು ಎತ್ತಿದರು. ಅವರೂ ಹೀಗೇ ಕವರ್ ಹಾಕಿಕೊಳ್ಳುತ್ತಾರಂತೆ, ಎಷ್ಟೋ ವರ್ಷದಿಂದ. ಅಮ್ಮನಿಗೆ ಅದನ್ನು ಅನುವಾದಿಸಿದೆ. "ಮತ್ತೆ?" ಅಂದರು, ಅದರಲ್ಲೇನು ವಿಶೇಷ ಎನ್ನುವ ಹಾಗೆ.

ಹಾಗಾದರೆ 19 ಡಾಲರು ದಂಡವೇ? ಮನೆಯಲ್ಲಿ ಈ ಚರ್ಚೆ ಒಂದು ವಾರ ನಡೆಯಿತು. ಇವರು ಕವರಿನ ಪಕ್ಷ. ನಾನು ಮುಂದಿನ ನಾಲ್ಕು ಸಲ ಒಂದು ಕಾಲಿಗೆ ಕವರ್, ಇನ್ನೊಂದಕ್ಕೆ ಹಾರ್ನ್ ಹೀಗೆ ಅದಲು ಬದಲು ಮಾಡಿ ನೋಡಿದೆ. ಕವರಿನ ಹೆಚ್ಚುಗಾರಿಕೆ ಒಂದೇ, ಆದರೆ ದೊಡ್ಡದು: ಅದು ಹಿಮ್ಮಡಿಗೂ ಉಬ್ಬಿಗೂ ಒಟ್ಟಿಗೆ ಜಾರುಗುಣ ಕೊಡುತ್ತದೆ. ಹಾರ್ನ್ ಹಿಂದೆ ಮಾತ್ರ. ಉಬ್ಬು ಎತ್ತರ ಇರುವವರಿಗೆ ಕವರೇ ಮೇಲು. ಆದರೆ ಕವರು ಹರಿಯುತ್ತದೆ, ಗಾಳಿಗೆ ಹಾರುತ್ತದೆ, ಚಳಿಗೆ ಮರಗಟ್ಟಿದ ಬೆರಳಲ್ಲಿ ಹಿಡಿಯಲು ಸಿಗುವುದಿಲ್ಲ. ಒಂದು ತುಂಡು ಒಳಗೆ ಉಳಿದರೂ ಆ ಜಾಗದಲ್ಲಿ ಬೆವರು ನಿಂತು ಮಧ್ಯಾಹ್ನದ ಹೊತ್ತಿಗೆ ಬೆರಳು ಜೋಮು. ಲೈನರ್ ಮಡಿಕೆ ಬೀಳುವುದನ್ನೂ ಅದು ತಡೆಯುವುದಿಲ್ಲ. ಬಿಚ್ಚುವಾಗಂತೂ ಕವರಿನ ಪ್ರಶ್ನೆಯೇ ಇಲ್ಲ, ಕಾಲು ಆಗಲೇ ಒಳಗಿದೆ. ಈಗ ನನ್ನ ಒಡಂಬಡಿಕೆ ಹೀಗಿದೆ: ಬಲಗಾಲಿಗೆ ಹಾರ್ನ್ ಮಾತ್ರ. ಎಡಗಾಲಿಗೆ ಹಾರ್ನೂ ಬೇಕು, ಮುಂದೆ ಉಬ್ಬಿನ ಮೇಲೆ ಅಂಗೈಯಗಲದ ಕವರಿನ ತುಂಡೂ ಬೇಕು. ಎರಡನ್ನೂ ಒಟ್ಟಿಗೆ ಎಳೆದು ತೆಗೆಯುತ್ತೇನೆ. ಆಗ ಎಡಗಾಲಿಗೂ ಒಂಬತ್ತು.

ಬಿಚ್ಚುವುದಕ್ಕೆ ಕೊನೆಗೆ ದಾರಿಯಾದದ್ದು ತಾಳ್ಮೆ. ಕಡೆಯ ಇಳಿತ ಮುಗಿದ ಮೇಲೆ ಪಾರ್ಕಿಂಗಿಗೆ ಹೋಗದೆ ಲಾಡ್ಜಿಗೆ ಹೋಗುತ್ತೇನೆ. ನಾಲ್ಕೂ ಬಕಲ್, ಪಟ್ಟಿ ಎಲ್ಲ ಬಿಚ್ಚಿ, ನಾಲಿಗೆ ಮುಂದಕ್ಕೆಳೆದು, ಫ್ಲಾಸ್ಕಿನ ಕಾಫಿ ಕುಡಿಯುತ್ತಾ ಹದಿನೈದು ನಿಮಿಷ ಕೂರುತ್ತೇನೆ. ಶೆಲ್ ಮೆತ್ತಗಾಗುತ್ತದೆ, ಕಾಲಿನ ಊತವೂ ಸ್ವಲ್ಪ ಇಳಿಯುತ್ತದೆ. ಆಮೇಲೆ ಹಾರ್ನ್ ಇಳಿಸಿ, ಇನ್ನೊಂದು ಕಾಲಿನಿಂದ ಬೂಟಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿ ಹಿಡಿದು, ಶೆಲ್ಲಿನ ಹೊರ ಅಂಚನ್ನು ಕೈಯಿಂದ ಅಗಲಿಸಿ ಎತ್ತಿದರೆ ಎಡಗಾಲೂ ಬರುತ್ತದೆ, ಗೊಣಗುತ್ತಾ. ಮೂರು ಇದ್ದ ಅಂಕ ಆರಾಯಿತು. ಇದರಲ್ಲಿ ಹಾರ್ನಿನ ಪಾಲೆಷ್ಟು, ಕಾಫಿಯ ಪಾಲೆಷ್ಟು ಅಂದರೆ ಕಾಫಿಯದ್ದೇ ಹೆಚ್ಚು.

ಕೆಲವರು ಹೇಳಬಹುದು, ಇಷ್ಟು ಒದ್ದಾಡುವ ಬದಲು ಹಿಂದಿನಿಂದ ತೆರೆಯುವ ಬೂಟು ತಗೊಳ್ಳಬಾರದಾ ಅಂತ. ಅದೂ ಇದೆ, ಅದಕ್ಕೊಂದು ಇತಿಹಾಸವೂ ಇದೆ. ಮೊದಲು ಸ್ಕೀ ಬೂಟು ಚರ್ಮದವೇ ಇದ್ದವು, ಲೇಸು ಕಟ್ಟಬೇಕಿತ್ತು. 1960ರ ದಶಕದಲ್ಲಿ ಅಯೋವಾದ ಡುಬ್ಯೂಕ್‌ನ ಬಾಬ್ ಲ್ಯಾಂಗ್ ಪ್ಲಾಸ್ಟಿಕ್ ಬೂಟು ಮಾಡಿದರು. ಕಾಲು ಹಿಡಿತಕ್ಕೆ ಬಂತು, ಜೊತೆಗೆ ಈ ಹಿಂಸೆಯೂ ಬಂತು. 1970ರ ದಶಕದಲ್ಲಿ ನಮ್ಮ ಪಕ್ಕದ ಬೌಲ್ಡರಿನಲ್ಲೇ ಹ್ಯಾನ್ಸನ್ ಎಂಬ ಕಂಪನಿ ಹಿಂಬದಿ ತೆರೆಯುವ ಬೂಟು ತಯಾರಿಸಿತು. 80ರ ದಶಕದಲ್ಲಿ ಎಲ್ಲಿ ನೋಡಿದರೂ ಅದೇ. ಹಿಂದಿನ ಬಾಗಿಲು ತೆರೆ, ಕಾಲಿಡು, ಮುಚ್ಚು. ಆದರೆ ಪಾದದ ಮೇಲೆ ನಾಲ್ಕು ಬಕಲ್ ಕೊಡುವ ಹಿಡಿತ ಅದರಲ್ಲಿ ಬರಲಿಲ್ಲ, ಮುಂದೆ ಅದು ಮೂಲೆ ಸೇರಿತು. ಈಚಿನ ವರ್ಷಗಳಲ್ಲಿ ನಾರ್ಡಿಕಾದಂಥವರು ಆ ಯೋಚನೆಗೆ ಮತ್ತೆ ಜೀವ ಕೊಟ್ಟಿದ್ದಾರೆ, ಅಂಗಡಿಯಲ್ಲಿ ಒಮ್ಮೆ ಹಾಕಿ ನೋಡಿದೆ, ಕಾಲು ಹೋದದ್ದೂ ಬಂದದ್ದೂ ಗೊತ್ತಾಗಲಿಲ್ಲ. ಆಸೆಯಾಯಿತು. ಆದರೆ ಚೆನ್ನಾಗಿರುವ ಬೂಟನ್ನು ಬರೀ ಹಾಕೋ ಬಿಚ್ಚೋ ಹತ್ತು ನಿಮಿಷಕ್ಕಾಗಿ ಬದಲಾಯಿಸುವುದು, ಹೊಸ್ತಿಲು ಎತ್ತರ ಅಂತ ಮನೆ ಮಾರಿದ ಹಾಗೆ. ಈ ಬೂಟು ಸವೆಯಲಿ, ಆಮೇಲೆ ನೋಡೋಣ.

ಹೊಸದಾಗಿ ಕಲಿಯುವವರು, ಬಾಡಿಗೆ ಬೂಟು ಹಾಕುವವರು ಈ ಹಾರ್ನ್ ತಗೊಳ್ಳಬೇಡಿ. ಬಾಡಿಗೆ ಬೂಟುಗಳು ಮೆತ್ತಗೆ, ಅಗಲ, ಹೇಗೋ ಹೋಗುತ್ತವೆ ಹೇಗೋ ಬರುತ್ತವೆ. ನಮ್ಮ ಪಕ್ಕದ ಮನೆಯ ಮಂಡ್ಯದವರು ಮೊದಲ ಸಲ ಹೊರಟಾಗ ನನ್ನ ಹಾರ್ನ್ ಕೇಳಿ ಒಯ್ದಿದ್ದರು. ಎರಡು ಜೊತೆ ದಪ್ಪ ಸಾಕ್ಸು ಹಾಕಿಕೊಂಡು ಹಾರ್ನಿಂದ ಕಾಲು ತುರುಕಿದ್ದಾರೆ. ಹಾರ್ನ್ ಏನೋ ತುರುಕಿತು. ಒಂದು ಗಂಟೆಗೆ ಬೆರಳಲ್ಲಿ ರಕ್ತ ಓಡದೆ ವಾಪಸ್ ಬಂದರು. ಸಾಕ್ಸು ಒಂದೇ ಇರಬೇಕು, ತೆಳ್ಳಗೆ, ಮೊಣಕಾಲಿನ ಕೆಳಗಿನವರೆಗೆ, ಒಂದೂ ಮಡಿಕೆ ಇಲ್ಲದೆ. ಹಾಗೆಯೇ ಬೂಟು ನಿಜಕ್ಕೂ ಚಿಕ್ಕದಾಗಿದ್ದರೆ ಹಾರ್ನ್ ಅದನ್ನು ನಿಮ್ಮಿಂದ ಮುಚ್ಚಿಡುತ್ತದೆ. ಮೊದಲು ಲೈನರ್ ಹೊರಗೆ ತೆಗೆದು, ಬರೀ ಶೆಲ್ಲಿನೊಳಗೆ ಕಾಲಿಟ್ಟು, ಬೆರಳ ತುದಿ ಮುಂದಕ್ಕೆ ತಾಗಿಸಿ, ಹಿಮ್ಮಡಿಯ ಹಿಂದೆ ಒಂದೂವರೆಯಿಂದ ಎರಡು ಸೆಂಟಿಮೀಟರ್ ಜಾಗ ಇದೆಯೇ ನೋಡಿ. ಅಷ್ಟಿದ್ದರೆ ಬೂಟಿನ ತಪ್ಪಲ್ಲ, ಹಾರ್ನಿಗೆ ಹಣ ಹಾಕಬಹುದು.

ಸಣ್ಣ ದೂರುಗಳು. ಜಾಕೆಟ್ಟಿನ ಜೇಬಿಗೆ ಹಿಡಿಯುವುದಿಲ್ಲ, ಕೊಡೆಯ ಹಾಗೆ ಎಲ್ಲಿ ಇಟ್ಟೆ ಎಂದು ಹುಡುಕುವ ವಸ್ತು. ಒಮ್ಮೆ ಕಾರಿನ ತಲೆಯ ಮೇಲಿಟ್ಟು ಮರೆತು ಹೊರಟೆ, ಕಿತ್ತಳೆ ಬಣ್ಣ ಆಗಲೇ ಉಪಕಾರಕ್ಕೆ ಬಂದದ್ದು. ಹಿಡಿಯುವ ತೂತಿನ ಅಂಚು ಒರಟು, ಬರಿಗೈಯಲ್ಲಿ ಜೋರಾಗಿ ಎಳೆದರೆ ಬೆರಳಿಗೆ ಗೆರೆ ಬೀಳುತ್ತದೆ. ನಾನು ಅಲ್ಲಿಗೆ ಹಳೆಯ ಬಟ್ಟೆಯ ಪಟ್ಟಿ ಸುತ್ತಿದ್ದೇನೆ. ಒಂದು ದಾರ ಕಟ್ಟಿ ಕೊಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತೋ.

ಒಟ್ಟು ಹತ್ತಕ್ಕೆ ಏಳು. ಹೋದರೆ ಮತ್ತೊಂದು ತಗೊಳ್ಳುತ್ತೇನೆ. ಹೋಗುವ ದಿನವೂ ದೂರವಿಲ್ಲ: ಬಿಳಿ ಗೆರೆ ಒಂದು ಕಡೆ, ಈಗ ಮಗಳು ಬೆಳಗ್ಗೆ ಕಾರಿನ ಗಾಜಿನ ಮೇಲಿನ ಹಿಮ ಕೆರೆಯಲು ಅದನ್ನೇ ತೆಗೆದುಕೊಳ್ಳುತ್ತಾಳೆ. ತುದಿ ಒರಟಾದರೆ ಸಾಕ್ಸು ಸಿಕ್ಕಿಕೊಳ್ಳುತ್ತದೆ ಕಣೇ ಅಂದರೆ, "ಅಮ್ಮಾ, ಅಜ್ಜಿ ಕವರ್ ಇದ್ಯಲ್ಲ" ಅನ್ನುತ್ತಾಳೆ.